ಚುಚ್ಚುವ ಕಂಬಳಿಯ ಪರವಾಗಿ

ಮಾಧವರಂನ ನಮ್ಮ ಮನೆಯಲ್ಲಿ ಚಳ್ಳಕೆರೆಯಿಂದ ತಂದ ಕರಿ ಕಂಬಳಿಯೊಂದಿದೆ. ಚೆನ್ನೈನ ಸೆಕೆಗೆ ಇದೇಕೆ ಎಂದು ಬಂದವರು ನಗುತ್ತಾರೆ. ಮುಟ್ಟಿ ನೋಡಿ, ‘ಅಯ್ಯೋ, ಚುಚ್ಚುತ್ತೆ’ ಎಂದು ಕೈ ಹಿಂತೆಗೆಯುತ್ತಾರೆ. ಈ ಚುಚ್ಚುವಿಕೆಯನ್ನೇ ದೋಷವೆಂದು ಎಣಿಸಿ ನಾವು ದಖ್ಖನಿ ಕುರಿಯ ಉಣ್ಣೆಗೆ ಕಳಪೆಯೆಂಬ ಪಟ್ಟ ಕಟ್ಟಿದ್ದೇವೆ. ಈ ತೀರ್ಪು ಸರಿಯಲ್ಲ. ಅದಕ್ಕೆ ಸಾಕ್ಷಿ ಎಳೆಯೊಳಗೇ ಇದೆ.

ಮೆರಿನೊ ಆಗಲಿ, ದಖ್ಖನಿಯಾಗಲಿ, ಉಣ್ಣೆಯ ಮೂಲವಸ್ತು ಕೆರಾಟಿನ್ ಎಂಬ ಪ್ರೋಟೀನು. ಎಳೆದಾಗ ಉಣ್ಣೆಯ ಅಣುರಚನೆಯೇ ಬದಲಾಗುತ್ತದೆ ಎಂದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ 1930ರ ದಶಕದಲ್ಲಿ ಎಕ್ಸ್-ರೇ ಹಾಯಿಸಿ ತೋರಿಸಿದರು. ಆ ಅಣು ಸ್ಪ್ರಿಂಗಿನಂಥ ಸುರುಳಿ ಎಂದು 1951ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ವಿವರಿಸಿದರು. ಸುರುಳಿಯ ಸುತ್ತುಗಳನ್ನು ಹಿಡಿದಿಡುವುದು ದುರ್ಬಲವಾದ ಹೈಡ್ರೋಜನ್ ಬಂಧ. ಅಕ್ಕಪಕ್ಕದ ಸರಪಳಿಗಳನ್ನು ಬಿಗಿದಿರುವುದು ಗಟ್ಟಿಯಾದ ಗಂಧಕದ ಬಂಧ. ನೀರು ಮೊದಲನೆಯದನ್ನು ಸಡಿಲಿಸುತ್ತದೆ, ಎರಡನೆಯದನ್ನು ಅಲುಗಿಸಲಾರದು. ಹಾಗಾಗಿ ಒದ್ದೆ ಎಳೆಯನ್ನು ಸುಮಾರು ಶೇ. 30ರಷ್ಟು ಹಿಗ್ಗಿಸಿ ಬಿಟ್ಟರೂ ಅದು ಮೊದಲಿನ ಉದ್ದಕ್ಕೆ ಮರಳುತ್ತದೆ.

ಹಾಗಾದರೆ ಮೆರಿನೊ ಮೆತ್ತಗೆ, ದಖ್ಖನಿ ಒರಟು ಏಕೆ? ಮುಖ್ಯವಾಗಿ ದಪ್ಪದಿಂದ. ಎಳೆಯ ದಪ್ಪ ಎರಡು ಪಟ್ಟಾದರೆ ಅದನ್ನು ಬಾಗಿಸಲು 16 ಪಟ್ಟು ಬಲ ಬೇಕು. ತೆಳು ಎಳೆಯ ತುದಿ ಚರ್ಮಕ್ಕೆ ತಾಗಿದೊಡನೆ ಬಾಗುತ್ತದೆ. ಸುಮಾರು 30 ಮೈಕ್ರಾನ್ ದಾಟಿದ್ದು ಬಾಗದೆ ಚುಚ್ಚುತ್ತದೆ. ಆದರೆ ಮಳೆಯಲ್ಲಿ ಕುರಿಗಾಹಿ ತಲೆಗೆ ಕೊಪ್ಪೆ ಹಾಕಿ ನಿಂತಾಗ ಕಂಬಳಿ ಮೈಗೆ ಅಂಟದೆ ನಡುವೆ ಗಾಳಿಗೆ ಜಾಗ ಬಿಡುವುದೂ ಇದೇ ಬಿರುಸಿನಿಂದ. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚುವ ನೇಕಾರರು ಆ ಬಿರುಸನ್ನು ಬೇಕೆಂದೇ ಹೆಚ್ಚಿಸುತ್ತಾರೆ.

ಮೈಗೆ ತಾಗುವ ಸ್ವೆಟರಿಗೆ ಮೆರಿನೊನೇ ಬೇಕು, ಒಪ್ಪೋಣ. ಆದರೆ ಎಲ್ಲ ಉಣ್ಣೆಯನ್ನೂ ಸ್ವೆಟರಿನ ಅಳತೆಗೋಲಿನಿಂದ ಅಳೆಯಬೇಕೆ? ನಮ್ಮ ಮಾಧವರಂ ಆಸುಪಾಸಿನ ಮದ್ರಾಸ್ ರೆಡ್ ಕುರಿಗೆ ಉಣ್ಣೆಯೇ ಇಲ್ಲ, ಇರುವುದು ಮೋಟು ಕೂದಲು. ಅದನ್ನು ಸಾಕುವುದು ಮಾಂಸಕ್ಕೆ; ಉಣ್ಣೆ ಕೊಡಲಿಲ್ಲವೆಂದು ಯಾರೂ ದೂರುವುದಿಲ್ಲ. ದಖ್ಖನಿಗೆ ಮಾತ್ರ ಈ ನ್ಯಾಯ ಸಿಕ್ಕಿಲ್ಲ. ಬೆಲೆ ಬಾರದೆ, ಕತ್ತರಿಸಿದ ಉಣ್ಣೆಯನ್ನು ಎಷ್ಟೋ ಕುರಿಗಾಹಿಗಳು ಹೊಲದಲ್ಲೇ ಬಿಟ್ಟು ಹೋಗುತ್ತಾರೆ.

ನೆಲಹಾಸು, ಹಾಸಿಗೆಯ ತುಂಬು, ಸೂರಿನಡಿಯ ಶಾಖತಡೆ: ಇಲ್ಲೆಲ್ಲ ಬೇಕಾದ್ದು ತುಳಿದರೂ ಮತ್ತೆ ಎದ್ದು ನಿಲ್ಲುವ ಎಳೆ. ಖರೀದಿಸುವವರು ಮೆದುತನದ ಜೊತೆಗೆ ಈ ಗುಣಕ್ಕೂ ದರ ಕಟ್ಟಲಿ. ಒರಟು ಎನ್ನುವುದು ಎಳೆಯ ಒಂದು ಲಕ್ಷಣ ಮಾತ್ರ. ಅದನ್ನು ಕೀಳು ಎಂದು ಓದಿಕೊಂಡವರು ನಾವು.