ಚೌಕವೂ ಒಂದು ಆಯತ



ಎಂಟನೇ ತರಗತಿಯ ಮಕ್ಕಳನ್ನು ‘ಚೌಕ ಆಯತವೇ?’ ಎಂದು ಕೇಳಿ ನೋಡಿ. ‘ಅಲ್ಲ’ ಎನ್ನುವವರೇ ಹೆಚ್ಚು. ವ್ಯಾಖ್ಯೆಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಿಸಿದ್ದರ ಫಲವಿದು. ಅವನ್ನೇ ವಂಶವೃಕ್ಷದಂತೆ ಬೋರ್ಡಿನ ಮೇಲೆ ಬರೆಯಬಹುದು: ತುದಿಯಲ್ಲಿ ಚತುರ್ಭುಜ, ಕೆಳಗೆ ಸಮಾಂತರ ಚತುರ್ಭುಜ, ಅದರಿಂದ ಆಯತ ಮತ್ತು ವಜ್ರಾಕೃತಿ ಎಂಬ ಎರಡು ಕವಲು, ಆ ಎರಡೂ ಕೂಡುವಲ್ಲಿ ಚೌಕ. ಎರಡರ ಗುಣವೂ ಚೌಕಕ್ಕೆ ಬಂದಿರುವುದು ಆಗ ಕಣ್ಣಿಗೇ ಕಾಣುತ್ತದೆ.

ಈ ಪಾಠವನ್ನು ತರಗತಿಯ ಹೊರಗೂ ಮುಂದುವರಿಸಬಹುದು. ಹೊಸಪೇಟೆ, ಸಂಡೂರು, ಕಂಪ್ಲಿಯ ಶಾಲೆಗಳಿಗೆ ಹಂಪಿ ಹತ್ತಿರ. ಪ್ರವಾಸ ಹೋದಾಗ ಮಕ್ಕಳ ಕೈಯಲ್ಲಿ ಒಂದೊಂದು ಪರಿಕಲ್ಪನೆಗೂ ನಾಲ್ಕು ಮನೆಗಳ ಒಂದು ಹಾಳೆ ಇರಲಿ: ಅರ್ಥ, ಗುಣ, ಉದಾಹರಣೆ, ಉದಾಹರಣೆ ಅಲ್ಲದ್ದು. ಅಲ್ಲಿನ ಅರಮನೆ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲು ಪುಷ್ಕರಣಿಯನ್ನು ಮೇಲಿನಿಂದ ನೋಡಿದರೆ ಚೌಕದೊಳಗೆ ಚೌಕ, ಅಂಚಿಗೆ ಅಂಚು ಸಮಾಂತರ. ಗಜಶಾಲೆಯ 11 ಕೋಣೆಗಳಲ್ಲಿ ನಡುವಿನದರ ಎಡಬಲಕ್ಕೆ ಐದೈದು. ಸಮಮಿತಿಗೆ ಬೇರೆ ಚಿತ್ರ ಬೇಡ. ನನ್ನ ಮಟ್ಟಿಗೆ ಹಾಳೆಯ ಕೊನೆಯ ಮನೆಯೇ ಮುಖ್ಯ. ಕಂಪ್ಲಿಯ ಗದ್ದೆಯೊಂದಕ್ಕೆ ನಾಲ್ಕು ಬದುವಿದ್ದರೂ ಅದೇಕೆ ಆಯತವಲ್ಲ ಎಂದು ಮಗು ತನ್ನ ಮಾತಿನಲ್ಲೇ ಬರೆಯಬೇಕು.

ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಗಣಿತ ಶಿಕ್ಷಕರು ಇಂಥ ಹಾಳೆಗಳನ್ನು ಸೇರಿ ತಯಾರಿಸುವಂತೆ ಶಿಕ್ಷಣ ಇಲಾಖೆ ಈ ವರ್ಷವೇ ಸೂಚಿಸಲಿ.

– ಓರ್ವ ಪೋಷಕ, ಹೊಸಪೇಟೆ