ನಂಬಿದವರು ಕಟ್ಟಿದ ಲೋಕಗಳು

ದೇವರಲ್ಲಿ ಗಟ್ಟಿ ನಂಬಿಕೆಯಿರುವ ಲೇಖಕ ಕಲ್ಪನೆಯ ಲೋಕವೊಂದನ್ನು ಕಟ್ಟಹೊರಟರೆ ಅದು ಕೊನೆಗೆ ವೇಷ ಹಾಕಿದ ಉಪದೇಶವಾಗಿಬಿಡುತ್ತದೆ ಎಂಬ ಆಕ್ಷೇಪ ಹಳೆಯದು. ಸಿ. ಎಸ್. ಲೂಯಿಸ್‌ನ ನಾರ್ನಿಯಾ ಕಥೆಗಳ ಮೇಲೆ ಫಿಲಿಪ್ ಪುಲ್ಮನ್ ಹರಿಹಾಯ್ದದ್ದು ಬಹುಮಟ್ಟಿಗೆ ಈ ಕಾರಣಕ್ಕೇ. ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ನಂಬಿಕೆ ಕಥೆಯೊಳಗೆ ಎಲ್ಲಿ ಕೂತಿದೆ ಎಂಬುದನ್ನು ನೋಡದೆ ತೀರ್ಪು ಕೊಡುವುದು ಆತುರವಾದೀತು.

1950ರಲ್ಲಿ ಬಂದ ಮೊದಲ ನಾರ್ನಿಯಾ ಪುಸ್ತಕವನ್ನೇ ನೋಡೋಣ. ದ್ರೋಹ ಬಗೆದ ಹುಡುಗ ಎಡ್ಮಂಡ್‌ನ ಬದಲು ಸಿಂಹ ಆಸ್ಲಾನ್ ತಾನೇ ಕಲ್ಲಿನ ಮೇಜಿನ ಮೇಲೆ ಪ್ರಾಣ ಕೊಡುತ್ತದೆ, ಮತ್ತೆ ಎದ್ದು ಬರುತ್ತದೆ. ಚರ್ಚಿಗೆ ಹೋಗಿ ಬಲ್ಲವರಿಗೆ ಇದು ಯಾರ ಕಥೆಯೆಂದು ತಟ್ಟನೆ ಹೊಳೆಯುತ್ತದೆ. ನಮ್ಮೂರಿನಲ್ಲಿ ಇದನ್ನು ಓದುವ ಎಷ್ಟೋ ಮಕ್ಕಳಿಗೆ ಹೊಳೆಯುವುದಿಲ್ಲ, ಆದರೂ ಅವರ ಕಣ್ಣು ಒದ್ದೆಯಾಗುತ್ತದೆ. ಯಾಕೆ? ಆ ರಾತ್ರಿಯ ಒಂದು ಸಣ್ಣ ವಿವರ ನನಗೆ ಉತ್ತರದಂತೆ ಕಾಣುತ್ತದೆ. ಸತ್ತ ಸಿಂಹದ ಮೈಗೆ ಬಿಗಿದ ಹಗ್ಗದ ಗಂಟುಗಳನ್ನು ಇಬ್ಬರು ಹುಡುಗಿಯರಿಗೆ ಬಿಚ್ಚಲಾಗುವುದಿಲ್ಲ. ಆಗ ಹುಲ್ಲಿನಿಂದ ಇಲಿಗಳು ಹೊರಟು ಬಂದು ಮೈಮೇಲೆ ಹತ್ತುತ್ತವೆ. ಹುಡುಗಿಯರಿಗೆ ಮೊದಲು ಅಸಹ್ಯ. ಆಮೇಲೆ ನೋಡಿದರೆ, ಅವು ಹಗ್ಗಗಳನ್ನು ಕಡಿಯುತ್ತಿವೆ. ಸುವಾರ್ತೆಗಳಲ್ಲಿ ಎಲ್ಲೂ ಇಲಿಗಳಿಲ್ಲ. ಇವು ಪೂರ್ತಿ ನಾರ್ನಿಯಾದ್ದೇ ಇಲಿಗಳು. ಆ ಉಪಕಾರಕ್ಕಾಗಿ ಅವುಗಳ ಸಂತತಿಗೆ ಮಾತು ಬಂತೆಂದು ಮುಂದಿನ ಪುಸ್ತಕ ಹೇಳುತ್ತದೆ. ಅಂದರೆ ಎರವಲು ತಂದ ಘಟನೆಗೂ ಈ ಲೋಕದಲ್ಲಿ ತನ್ನದೇ ಪರಿಣಾಮಗಳಿವೆ. ಪರಿಣಾಮ ಹುಟ್ಟಿದ ಮೇಲೆ ಅದು ಸಂಕೇತವಾಗಿ ಉಳಿಯುವುದಿಲ್ಲ, ಆ ನಾಡಿನ ಇತಿಹಾಸವಾಗುತ್ತದೆ.

ಜೆ. ಆರ್. ಆರ್. ಟೋಲ್ಕಿನ್‌ಗೆ ಗೆಳೆಯನ ನಾರ್ನಿಯಾ ಹಿಡಿಸಲಿಲ್ಲ. ಲೂಯಿಸ್ ಕ್ರೈಸ್ತನಾದದ್ದರಲ್ಲಿ ಇವನ ಪಾಲು ದೊಡ್ಡದು. 1931ರ ಸೆಪ್ಟೆಂಬರಿನ ಒಂದು ರಾತ್ರಿ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಕಾಲುದಾರಿಯಲ್ಲಿ ಪುರಾಣ ಮತ್ತು ಸತ್ಯದ ಬಗ್ಗೆ ಅವರು ನಡೆಸಿದ ಮಾತುಕತೆ ಪ್ರಸಿದ್ಧ. ಆದರೆ ಟೋಲ್ಕಿನ್ ಹಿಡಿದ ದಾರಿ ಬೇರೆ. ಕಟ್ಟಾ ಕ್ಯಾಥೊಲಿಕನಾದ ಇವನು 1954–55ರಲ್ಲಿ ಮೂರು ಸಂಪುಟಗಳಾಗಿ ಬಂದ ‘ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಗುಡಿ, ಪೂಜೆ, ಪುರೋಹಿತರನ್ನು ಬೇಕೆಂದೇ ಹೆಚ್ಚುಕಡಿಮೆ ಹೊರಗಿಟ್ಟ. ಧರ್ಮ ಕಥೆಯೊಳಗೇ ಕರಗಿದೆ ಎಂಬುದು ಪಾದ್ರಿ ಗೆಳೆಯನಿಗೆ ಅವನು ಬರೆದ ಪತ್ರದ ತಾತ್ಪರ್ಯ.

ಎಲ್ಲಿ ಕರಗಿದೆ? ಅಗ್ನಿಪರ್ವತದ ಬಾಯಿಯ ಬಳಿ. ಕೇಡಿನ ಉಂಗುರವನ್ನು ನಾಶಮಾಡಲೆಂದು ಸಾವಿರಾರು ಪುಟ ನಡೆದು ಬಂದ ಫ್ರೋಡೊ ಅಲ್ಲಿ ಸೋಲುತ್ತಾನೆ. ಉಂಗುರವನ್ನು ಬೆಂಕಿಗೆಸೆಯಲು ಮನಸ್ಸು ಬಾರದೆ ಅದು ತನ್ನದೆಂದು ಬೆರಳಿಗೆ ಹಾಕಿಕೊಳ್ಳುತ್ತಾನೆ. ಅದೇ ಉಂಗುರಕ್ಕಾಗಿ ಬೆನ್ನುಹತ್ತಿ ಬಂದ ಗೊಲ್ಲಮ್ ಆ ಬೆರಳನ್ನೇ ಕಚ್ಚಿ ಕಿತ್ತು, ಕುಣಿದು, ಕಾಲು ಜಾರಿ ಉಂಗುರದ ಸಮೇತ ಕೆಳಗೆ ಬೀಳುತ್ತಾನೆ. ಗೊಲ್ಲಮ್ ಅಷ್ಟು ದಿನ ಬದುಕಿದ್ದಾದರೂ ಹೇಗೆ? ಹಿಂದೆ ಉಂಗುರ ಇಟ್ಟುಕೊಂಡಿದ್ದ ಬಿಲ್ಬೊ, ಆಮೇಲೆ ಫ್ರೋಡೊ, ಕೊಲ್ಲಬಹುದಾದಾಗ ಕನಿಕರಪಟ್ಟು ಬಿಟ್ಟಿದ್ದರಿಂದ. ವೀರನ ಸಂಕಲ್ಪ ಕೈಕೊಟ್ಟ ಕಡೆ ಯಾವತ್ತೋ ತೋರಿದ ಕರುಣೆ ಕೆಲಸ ಮಾಡುತ್ತದೆ. ದೇವಕೃಪೆಯ ಮಾತನ್ನೇ ಆಡದೆ ಕೃಪೆಯನ್ನು ಕಥಾನಕದ ಕೀಲಾಗಿಸಿದ್ದು ಹೀಗೆ. ನಾಸ್ತಿಕ ಓದುಗನಿಗೂ ಈ ಕೀಲು ತಿರುಗುವುದು ಕಾಣುತ್ತದೆ, ಒಪ್ಪದಿದ್ದರೂ.

ನಂಬಿಕೆಯಿಂದ ಈ ಲೇಖಕರಿಗೆ ಇನ್ನೊಂದು ಲಾಭವೂ ಆಯಿತು: ಲೋಕ ಕಟ್ಟುವ ಕೆಲಸದ ಬಗೆಗೇ ಒಂದು ಅಳುಕು. ಸೃಷ್ಟಿ ದೇವರದಾದರೆ ಮನುಷ್ಯ ಇನ್ನೊಂದನ್ನು ಸೃಷ್ಟಿಸುವುದು ಉದ್ಧಟತನವಲ್ಲವೇ? ಟೋಲ್ಕಿನ್ 1939ರಲ್ಲಿ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಉಪನ್ಯಾಸದಿಂದ ಬೆಳೆದ ಪ್ರಬಂಧದಲ್ಲಿ ಇದಕ್ಕೆ ಉಪಸೃಷ್ಟಿಯೆಂಬ ಸಮಾಧಾನ ಹುಡುಕಿಕೊಂಡ. ಸೃಷ್ಟಿಕರ್ತನ ಹೋಲಿಕೆಯಲ್ಲಿ ಹುಟ್ಟಿದ್ದರಿಂದ ನಾವೂ ಸೃಷ್ಟಿಸುತ್ತೇವೆ ಎಂಬ ವಾದ. ವಾದಕ್ಕಿಂತ ಅವನು ಹೇಳಿದ ಕಥೆ ನನಗೆ ಹೆಚ್ಚು ಇಷ್ಟ. ಅವನು ತೀರಿಕೊಂಡ ಮೇಲೆ 1977ರಲ್ಲಿ ಅಚ್ಚಾದ ‘ಸಿಲ್ಮರಿಲಿಯನ್’ನಲ್ಲಿ ಔಲೆ ಎಂಬ ದೈವ ತಾಳಲಾರದೆ ಕದ್ದುಮುಚ್ಚಿ ಕುಳ್ಳರನ್ನು ಮಾಡುತ್ತಾನೆ. ಪರದೈವ ಪ್ರಶ್ನಿಸಿದಾಗ ನಾಚಿ, ಅಳುತ್ತ, ಅವರನ್ನು ಪುಡಿಗುಟ್ಟಲು ಸುತ್ತಿಗೆ ಎತ್ತುತ್ತಾನೆ. ಆಗ ಆ ಕುಳ್ಳರು ಮುದುಡಿಕೊಂಡು ಜೀವ ಬೇಡುತ್ತಾರೆ. ಅಷ್ಟರಲ್ಲೇ ಅವರಿಗೆ ಸ್ವಂತ ಜೀವ ಬಂದುಬಿಟ್ಟಿತ್ತು. ತಾನು ಬರೆದ ಪಾತ್ರಗಳ ಮುಂದೆ ಇಷ್ಟು ನಡುಗಿದ ಲೇಖಕ ಅವುಗಳನ್ನು ಉಪದೇಶದ ಬೊಂಬೆಗಳನ್ನಾಗಿ ಮಾಡಲಾರ.

ಈ ಇಬ್ಬರ ಗೆಳೆಯರ ಬಳಗದ ಚಾರ್ಲ್ಸ್ ವಿಲಿಯಮ್ಸ್ ಬೇರೆ ಲೋಕವನ್ನೇ ಕಟ್ಟಲಿಲ್ಲ, ಇಂಗ್ಲೆಂಡಿನ ದಿನನಿತ್ಯದೊಳಕ್ಕೇ ಅತೀತವನ್ನು ನುಗ್ಗಿಸಿದ. ಅವನ ಕಾದಂಬರಿಗಳು ನನಗೆ ಉಸಿರು ಕಟ್ಟಿಸುತ್ತವೆ, ಅಲ್ಲಿಗೆ ಬಿಡುತ್ತೇನೆ.

ಲೂಯಿಸ್ ಎಡವುವುದು ತೀರ್ಪು ಕೊಡುವ ಹೊತ್ತಿನಲ್ಲಿ. ಕೊನೆಯ ಪುಸ್ತಕ ‘ದಿ ಲಾಸ್ಟ್ ಬ್ಯಾಟಲ್’ನಲ್ಲಿ ಲೋಕ ಮುಗಿಯಲೇಬೇಕು, ಒಳಗಿನವರು ಯಾರು ಹೊರಗಿನವರು ಯಾರು ಎಂದು ವಿಂಗಡಿಸಲೇಬೇಕು. ಲಿಪ್‌ಸ್ಟಿಕ್ಕು, ಪಾರ್ಟಿಗಳ ಕಡೆ ಮನಸ್ಸು ಹೋಯಿತೆಂದು, ಸತ್ತ ಸಿಂಹದ ಬಳಿಯಿದ್ದ ಆ ಇಬ್ಬರು ಹುಡುಗಿಯರಲ್ಲೊಬ್ಬಳಾದ ಸೂಸನ್ ಹೊರಗುಳಿಯುತ್ತಾಳೆ. ಶತ್ರುಗಳಾದ ಕ್ಯಾಲೊರ್ಮೆನರು ಕಪ್ಪು ಮುಖದ, ರುಮಾಲಿನ ಜನ. ಭಾರತದಲ್ಲಿ ಕೂತು ಓದುವಾಗ ಇದು ಚುಚ್ಚದೆ ಇರದು. ಅದೇ ಜನರಲ್ಲೊಬ್ಬ ಎಮೆತ್. ಜೀವಮಾನವೆಲ್ಲ ಬೇರೆ ದೇವರನ್ನು ಪ್ರಾಮಾಣಿಕವಾಗಿ ಭಜಿಸಿದ ಈ ಯುವಕನನ್ನು ಆಸ್ಲಾನ್ ಬರಮಾಡಿಕೊಳ್ಳುತ್ತಾನೆ. ಆ ಪುಸ್ತಕದಲ್ಲಿ ನಾನು ಮತ್ತೆ ಮತ್ತೆ ಓದುವ ಭಾಗ ಇದೇ.

ಈ ಎಮೆತ್‌ನ ಬೇರು ಜಾರ್ಜ್ ಮ್ಯಾಕ್‌ಡೊನಾಲ್ಡ್‌ನಲ್ಲಿದೆ ಎಂದು ನನ್ನ ಊಹೆ. 1858ರಲ್ಲಿ ಬಂದ ಅವನ ‘ಫ್ಯಾಂಟಾಸ್ಟೀಸ್’ ಅನ್ನು 1916ರಲ್ಲಿ ರೈಲು ನಿಲ್ದಾಣವೊಂದರಲ್ಲಿ ಕೊಂಡ ಹದಿಹರೆಯದ ಲೂಯಿಸ್ ಆಗ ನಾಸ್ತಿಕ. ಮುಂದೆ ಅವನನ್ನೇ ಗುರುವೆಂದು ಕರೆದ. ಸ್ಕಾಟ್ಲೆಂಡಿನ ಈ ಮ್ಯಾಕ್‌ಡೊನಾಲ್ಡ್ ಮೊದಲು ಇಂಗ್ಲೆಂಡಿನ ಅರಂಡೆಲ್‌ನಲ್ಲಿ ಪಾದ್ರಿಯಾಗಿದ್ದ. ಕ್ರಿಸ್ತನನ್ನು ಅರಿಯದ ಅನ್ಯಧರ್ಮೀಯರಿಗೂ ಸತ್ತ ಮೇಲೆ ಉದ್ಧಾರದ ಅವಕಾಶವಿರಬಹುದು ಎಂದು ಸೂಚಿಸಿದ್ದಕ್ಕೆ ಸಭೆಯ ಹಿರಿಯರು ಅವನ ಸಂಬಳವನ್ನು ವರ್ಷಕ್ಕೆ 150 ಪೌಂಡಿನಿಂದ 100ಕ್ಕೆ ಇಳಿಸಿದರು. ಸ್ವಲ್ಪ ದಿನ ಹಲ್ಲು ಕಚ್ಚಿಕೊಂಡು ನಡೆಸಿ, 1853ರಲ್ಲಿ ಅವನು ಅಲ್ಲಿಂದ ಹೊರಟ. ಎಮೆತ್‌ನ ಕಥೆಯಿರುವ ಪುಸ್ತಕ 1956ರಲ್ಲಿ ಬಂತು. ಮಕ್ಕಳ ಸಾಹಿತ್ಯಕ್ಕೆ ಬ್ರಿಟನ್ನಿನ ಗ್ರಂಥಪಾಲಕರು ಕೊಡುವ ಕಾರ್ನೆಗಿ ಪದಕವನ್ನೂ ಪಡೆಯಿತು.