ಹಳೆಯ ಪಟ್ಟಿ, ಹೊಸ ವಿಷ

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಗೊತ್ತುಪಡಿಸಿರುವ ಐಎಸ್ 10500 ಮಾನದಂಡ 2012ರಲ್ಲಿ ಪರಿಷ್ಕೃತವಾಯಿತು. ಅದರ ಕೀಟನಾಶಕಗಳ ಪಟ್ಟಿಯಲ್ಲಿ ಆಲ್ಡ್ರಿನ್, ಡಿಡಿಟಿ, ಲಿಂಡೇನ್, ಎಂಡೋಸಲ್ಫಾನ್, ಫೋರೇಟ್ ಇವೆ. ಈ ಐದರಲ್ಲಿ ಒಂದನ್ನೂ ಇಂದು ಬೆಳೆಗೆ ಬಳಸುವಂತಿಲ್ಲ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರಲ್ಲೇ ತಡೆಯಿತು. ಫೋರೇಟ್ 2020ರ ಕೊನೆಗೆ ನಿಂತಿತು. ಡಿಡಿಟಿಯಂಥವು ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತವೆ, ಹುಡುಕಲೇಬೇಕು. ಆದರೆ ಈ ವರ್ಷ ಗದ್ದೆಗೆ ಬಿದ್ದದ್ದನ್ನು ಹುಡುಕದೆ ನೀರು ಸುರಕ್ಷಿತ ಎಂದು ವರದಿ ಬರೆಯುವುದು ಜನರ ಆರೋಗ್ಯದ ವಿಷಯದಲ್ಲಿ ಅಕ್ಷಮ್ಯ.

ಗಂಗಾವತಿ, ಸಿಂಧನೂರು, ಮಾನ್ವಿಯ ಭತ್ತದ ಸೀಮೆಯನ್ನೇ ನೋಡಿ. ನಾಟಿಯಾಗಿ ಮೂರ್ನಾಲ್ಕು ದಿನಕ್ಕೆ ಪ್ರೆಟಿಲಾಕ್ಲೋರ್ ಕಳೆನಾಶಕವನ್ನು ಮರಳಿಗೆ ಕಲಸಿ ನಿಂತ ನೀರಿಗೆ ಉಗ್ಗುತ್ತಾರೆ. ಕಾಂಡ ಕೊರೆಯುವ ಹುಳುವಿಗೆ ಕ್ಲೋರಾಂಟ್ರಾನಿಲಿಪ್ರೋಲ್, ಜಿಗಿಹುಳುವಿಗೆ ಇಮಿಡಾಕ್ಲೋಪ್ರಿಡ್. ಮೂರೂ ಆ ಪಟ್ಟಿಯಲ್ಲಿಲ್ಲ. ಕಳೆನಾಶಕ ಉಗ್ಗಿದ ಮೇಲೆ ಎರಡು ಮೂರು ದಿನ ಗದ್ದೆಯ ನೀರು ಹೊರಬಿಡಬಾರದು. ಅಷ್ಟರೊಳಗೆ ಜೋರು ಮಳೆ ಬಂದರೆ ಬದು ಮೀರಿ ನೀರು ಕೆಳಗಿನ ಗದ್ದೆಗೆ ಇಳಿಯುತ್ತದೆ. ಅಲ್ಲಿಂದ ಬಸಿಗಾಲುವೆ, ಹಳ್ಳ, ತುಂಗಭದ್ರೆ. ಕರ್ನೂಲಿನವರೆಗೆ ಊರುಗಳು ಕುಡಿಯುವುದು ಅದೇ ನದಿಯ ನೀರನ್ನು. ಹಳ್ಳದಲ್ಲಿ ವಿಷ ಏರುವುದು ಮಳೆ ಬಂದ ಒಂದೆರಡು ದಿನ ಮಾತ್ರ. ಗ್ರಾಮೀಣ ನೀರಿನ ರಾಸಾಯನಿಕ ಪರೀಕ್ಷೆಯೋ ವರ್ಷಕ್ಕೊಮ್ಮೆ. ಊರಿನ ಹೆಣ್ಣುಮಕ್ಕಳಿಗೆ ಕೊಟ್ಟಿರುವ ಪರೀಕ್ಷಾ ಕಿಟ್ ಫ್ಲೋರೈಡ್, ನೈಟ್ರೇಟ್, ಗಡಸುತನ ತೋರಿಸುತ್ತದೆ, ಕೀಟನಾಶಕ ತೋರಿಸುವುದಿಲ್ಲ. ಅದಕ್ಕೆ ಕ್ರೊಮ್ಯಾಟೊಗ್ರಫಿ ಯಂತ್ರವಿರುವ ಪ್ರಯೋಗಾಲಯವೇ ಬೇಕು.

ರೈತನ ಮೇಲೆ ಗೂಬೆ ಕೂರಿಸುವ ಮಾತಲ್ಲ ಇದು. ಬೆನ್ನಿಗೆ ಪಂಪು ಹೊತ್ತು ಔಷಧಿ ಹೊಡೆಯುವವನೂ ಅವನೇ, ಆ ನೀರನ್ನು ಮೊದಲು ಕುಡಿಯುವವನೂ ಅವನೇ.

ಅಪಾಯ ಅಳೆಯಲು ಮೊದಲು ಗೊತ್ತಾಗಬೇಕಾದ್ದು ಯಾವ ಔಷಧಿ, ಎಷ್ಟು, ಯಾವ ವಾರ ಎಂಬುದು. ಮಾರಾಟದ ಲೆಕ್ಕವಂತೂ ಅಂಗಡಿಯಲ್ಲೇ ಇರುತ್ತದೆ. ಮಾರಾಟಗಾರರು ದಾಸ್ತಾನು ಪುಸ್ತಕ ಇಡಲೇಬೇಕು, 1971ರ ಕೀಟನಾಶಕ ನಿಯಮಗಳ ಪ್ರಕಾರ. ಅದನ್ನು ತೆರೆಸಿ ನೋಡುವುದು ಕೃಷಿ ಇಲಾಖೆ; ಹಳ್ಳಿಯ ನೀರು ಪರೀಕ್ಷಿಸುವುದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ. ಹೋಬಳಿವಾರು ಹೆಚ್ಚು ಮಾರಾಟವಾದ ಹತ್ತು ಔಷಧಿಗಳ ಹೆಸರು ಪ್ರತಿ ಹಂಗಾಮಿನಲ್ಲೂ ಕೃಷಿ ಇಲಾಖೆಯಿಂದ ನೀರಿನ ಇಲಾಖೆಗೆ ಹೋಗಲಿ. ಆ ಹತ್ತನ್ನೂ ಪರೀಕ್ಷೆಗೆ ಸೇರಿಸಲಿ. ನಾಟಿಯಾದ ಮೇಲಿನ ಮೊದಲ ದೊಡ್ಡ ಮಳೆಯ ಮರುದಿನವೇ ಬಸಿಗಾಲುವೆಯಲ್ಲೂ ಅದರ ಕೆಳಗೆ ಊರಿಗೆ ನೀರೆತ್ತುವ ಜಾಕ್‌ವೆಲ್‌ನಲ್ಲೂ ಮಾದರಿ ತೆಗೆಯಲಿ. ಫಲಿತಾಂಶವನ್ನು ಔಷಧಿಯ ಹೆಸರಿನ ಸಮೇತ ಪಂಚಾಯಿತಿ ಗೋಡೆಗೆ ಅಂಟಿಸಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಮುಂದಿನ ಮುಂಗಾರಿನ ನಾಟಿಗೆ ಮುಂಚೆ ಸರ್ಕಾರ ಒಂದು ಆದೇಶ ಹೊರಡಿಸಿದರೆ ಸಾಕು.